ಹಾಳು ವಾಡೆಯ ರವಿವಾರಗಳು

ಹೋದ ತಿಂಗಳು ಸೊಲ್ಲಾಪುರದ ಕಡೆ ಹೊರಟಿದ್ದ ನಮ್ಮ ಬಸ್ಸು ಇಂಡಿಯಲ್ಲಿ ಅರ್ಧ ತಾಸು ನಿಂತಿತು. ಗೋಡೆಯಾಚೆ ಯಾರೋ ನಿಂಬೆಹಣ್ಣನ್ನು ಚೀಲಕ್ಕೆ ತುಂಬುತ್ತಿದ್ದರು. ಕಾಲಡಿ ಸಿಕ್ಕು ಒಡೆದ ಹಣ್ಣಿನ ವಾಸನೆ ಕಿಟಕಿಯೊಳಗೆ ಬಂತು. ನಾನು ಚಹಾದ ಲೋಟ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ನನ್ನ ಇಪ್ಪತ್ನಾಲ್ಕನೇ ವಯಸ್ಸಿನ ಒಂದು ಮಳೆಗಾಲ ಕಣ್ಣ ಮುಂದೆ ಬಂತು. ಒಂದು ಮಣ್ಣಿನ ಮಾಳಿಗೆಯ ಮನೆ, ಅದರ ಪಡಸಾಲೆ, ಈಳಿಗೆಮಣೆಯ ಮುಂದೆ ಕೂತು ಉಪ್ಪಿನಕಾಯಿಗೆ ನಿಂಬೆ ಹೆಚ್ಚುತ್ತಿದ್ದ ಭೌರವ್ವ, ಕಂಬಕ್ಕೆ ಬೆನ್ನು ಕೊಟ್ಟು ಕೂತಿರುತ್ತಿದ್ದ ಅವಳ ಗಂಡ ಮಾಳಿಂಗಣ್ಣ.

ಅದು ಎಪ್ಪತ್ತೆಂಟನೇ ಇಸವಿ. ನಾನು ಮುದ್ದೇಬಿಹಾಳದವನು. ಇಂಡಿಯ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರನಾಗಿ ಹೊಸದಾಗಿ ಬಂದಿದ್ದೆ. ಮಾಳಿಂಗಣ್ಣನ ಮನೆಯ ಮೇಲಿನ ಕೋಣೆಯಲ್ಲಿ ನನ್ನ ವಾಸ. ಸುತ್ತಲಿನ ಹತ್ತಾರು ಹಳ್ಳಿಗಳ ಬಾವಿಗಳನ್ನು ತೋಡಿದವನು ಅವನು. ಬಂಡೆಗೆ ತೂತು ಹಾಕಿ, ಮದ್ದು ತುಂಬಿ, ಬತ್ತಿ ಹಚ್ಚಿ ಸುರಂಗ ಹಾರಿಸುವ ಕೆಲಸದಲ್ಲಿ ಅವನ ಹೆಸರು ಚಡಚಣದವರೆಗೂ ಗೊತ್ತಿತ್ತು. ನಾನು ಬರುವ ಮೂರು ವರ್ಷ ಮೊದಲು ಬಾವಿಯೊಂದರ ತಳದಲ್ಲಿ ಸುರಂಗ ಅಚಾನಕ್ ಹಾರಿ ಅವನ ಎರಡೂ ಕಣ್ಣು ಹೋದವು. ಜೊತೆಯಲ್ಲಿದ್ದ ಭೌರವ್ವನ ತಮ್ಮ ಸಿದ್ದು ಅಲ್ಲೇ ತೀರಿಕೊಂಡ. ಹುಡುಗ ಅವಸರ ಮಾಡಿ ಕೆಳಗಿಳಿದನಂತೆ, ಅವನನ್ನು ಉಳಿಸಲು ಹೋಗಿ ಮಾಳಿಂಗ ಕಣ್ಣು ಕಳೆದುಕೊಂಡನಂತೆ ಎಂದು ಊರೆಲ್ಲ ಹೇಳುತ್ತಿತ್ತು. ಮಾಳಿಂಗಣ್ಣ ಮಾತ್ರ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬೇರೆ ಮಾತೂ ಅಷ್ಟಕ್ಕಷ್ಟೇ. ಮೂರು ವರ್ಷದಲ್ಲಿ ಅವನು ಹೊಸ್ತಿಲು ದಾಟಿ ಬೀದಿಗೆ ಇಳಿದಿರಲಿಲ್ಲ.

ಆ ಜುಲೈನಲ್ಲಿ ಪುಣೆಯಲ್ಲಿ ಓದುತ್ತಿದ್ದ ನನ್ನ ಗೆಳೆಯನಿಂದ ಒಂದು ದಪ್ಪ ಲಕೋಟೆ ಬಂತು. ಒಳಗೆ ಕಾರ್ಬನ್ ಹಾಳೆಯಿಟ್ಟು ಟೈಪು ಮಾಡಿದ ನಲವತ್ತು ಪುಟ. ತನ್ನ ಹಾಸ್ಟೆಲಿನ ಪರದೇಶದ ವಿದ್ಯಾರ್ಥಿಯೊಬ್ಬ ತಂದಿದ್ದ ಆಟವೊಂದರ ನಿಯಮಗಳು ಅವು, ನಾವು ಆರು ಮಂದಿ ಆಡಿ ಊಟ ಮರೆತೆವು, ನೀನೂ ಆಡಿಸಿ ನೋಡು ಎಂದು ಬರೆದಿದ್ದ. ನಾನು ಹದಿನೈದು ದಿನ ಅದನ್ನು ಓದಿದೆ. ಹಲಗೆ ಇಲ್ಲ, ಕಾಯಿ ಇಲ್ಲ, ಗೆಲ್ಲುವವರಿಲ್ಲ, ಸೋಲುವವರಿಲ್ಲ. ಒಬ್ಬ ಒಂದು ಜಾಗವನ್ನು ಬಾಯಿಂದ ವರ್ಣಿಸಬೇಕು. ಉಳಿದವರು ಒಂದೊಂದು ಪಾತ್ರವಾಗಿ, ತಾವು ಅಲ್ಲಿ ಏನು ಮಾಡುತ್ತೇವೆ ಎಂದು ಹೇಳಬೇಕು. ಅನುಮಾನ ಬಂದಲ್ಲಿ ದಾಳ ಉರುಳಿಸಬೇಕು. ಇಷ್ಟೇ. ಇದರಲ್ಲಿ ಊಟ ಮರೆಯುವಂಥದ್ದು ಏನಿದೆ ಎಂಬುದು ನನಗೆ ಹೊಳೆಯಲಿಲ್ಲ.

ಆಡಲು ಇಬ್ಬರು ಸಿಕ್ಕರು. ಒಬ್ಬರು ಅಂಚೆ ಕಚೇರಿಯ ಕುಲಕರ್ಣಿಯವರು. ಲಕೋಟೆ ಕೈಗಿಟ್ಟ ದಿನದಿಂದ ಒಳಗೇನಿತ್ತು ಎಂದು ದಿನಾ ಕೇಳುತ್ತಿದ್ದರು. ಇನ್ನೊಬ್ಬ ಲಾಲಸಾಬ, ನಮ್ಮ ಮನೆಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಟೇಲರ್. ಅಗರಖೇಡದವನು. ದೊಡ್ಡಾಟದ ರಾಜರಿಗೆ ಅಂಗಿ ಹೊಲಿದವನು.

"ಅಂದ್ರ ಪಾರ್ಟು ಮಾಡೂದೇನ್ರಿ ಮಾಸ್ತರ?" ಎಂದು ಲಾಲಸಾಬ ಕೇಳಿದ.

"ಹೌದು. ಆದ್ರ ಮಾತು ಯಾರೂ ಬರೆದು ಕೊಟ್ಟಿರೂದಿಲ್ಲ. ನೀವ ಆಡಬೇಕು."

"ಹಂಗಾದ್ರ ಕಠಿಣ ಐತಿ," ಎಂದ ಅವನು. ರವಿವಾರ ಬರುತ್ತೇನೆಂದೂ ಹೇಳಿದ.

ನಾನು ಗ್ರಾಫ್ ಹಾಳೆಯ ಮೇಲೆ ಒಂದು ಹಾಳು ವಾಡೆಯ ನಕ್ಷೆ ಬರೆದೆ. ಹಳ್ಳಿ ಹಳ್ಳಿಯಲ್ಲಿ ಕುಸಿದು ನಿಂತಿರುವಂಥ ದೇಸಾಯರ ಕಲ್ಲಿನ ವಾಡೆ. ನಡುವೆ ಅಂಗಳ, ಅಂಗಳದಲ್ಲಿ ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವು, ಅದರ ತಳದಿಂದ ಒಂದು ಗುಪ್ತ ದಾರಿ. ಆ ನಿಯಮಗಳು ಕೇಳುತ್ತಿದ್ದ ಇಪ್ಪತ್ತು ಮುಖದ ದಾಳ ಇಂಡಿಯಲ್ಲಿ ಎಲ್ಲಿ ಸಿಗಬೇಕು. ಇಪ್ಪತ್ತು ಚೀಟಿಗಳ ಮೇಲೆ ಅಂಕಿ ಬರೆದು ಹಿತ್ತಾಳೆ ಚಂಬಿಗೆ ಹಾಕಿಟ್ಟೆ.

ಶ್ರಾವಣದ ಮೊದಲ ರವಿವಾರ ಮಧ್ಯಾಹ್ನ ಮಳೆ ಹಿಡಿಯಿತು. ನನ್ನ ಕೋಣೆ ಎರಡು ಕಡೆ ಸೋರುತ್ತಿತ್ತು. ಹಾಸಿಗೆ ಮಡಿಚಿಟ್ಟು ಮೂವರೂ ಕೆಳಗಿನ ಪಡಸಾಲೆಗೆ ಬಂದು ಕೂತೆವು. ಮಾಳಿಂಗಣ್ಣ ಎಂದಿನಂತೆ ಕಂಬದ ಬಳಿ ಇದ್ದ. ಅವನನ್ನು ಆಟಕ್ಕೆ ಕರೆಯುವ ವಿಚಾರ ನನ್ನ ತಲೆಗೆ ಬರಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ಐವತ್ತು ಹುಡುಗರ ಮುಂದೆ ನಿಂತು ಪಾಠ ಹೇಳುವವನು ನಾನು, ಇಬ್ಬರು ಗೃಹಸ್ಥರ ಮುಂದೆ "ನೀವು ಒಂದು ಹಾಳು ವಾಡೆಯ ಬಾಗಿಲಿನ ಮುಂದೆ ನಿಂತಿದ್ದೀರಿ" ಎನ್ನಲು ನಾಲಿಗೆ ಏಳಲಿಲ್ಲ. ಹೇಗೋ ಓದಿದೆ. ಪಂಡಿತನ ಪಾತ್ರದ ಕುಲಕರ್ಣಿಯವರು ಗಡಿಯಾರ ನೋಡಿಕೊಂಡರು. ಕಳ್ಳನ ಪಾತ್ರದ ಲಾಲಸಾಬ ನಗು ತಡೆದುಕೊಂಡ. ಅಂಗಳಕ್ಕೆ ಬಂದರು. ಹಗೇವಿನ ಬಾಯಿ ಕಂಡಿತು. ಕಲ್ಲು ಸರಿಸಿದರು. ಒಳಗೆ ಕತ್ತಲು.

"ಏನ್ ಮಾಡ್ತೀರಿ?" ಎಂದೆ.

"ಏನ್ ಮಾಡೂದು, ಇಳೀತೇನಿ," ಎಂದರು ಕುಲಕರ್ಣಿ.

"ನಿಲ್ರಿ."

ಮಾತು ಕಂಬದ ಕಡೆಯಿಂದ ಬಂದಿತ್ತು. ಮೂವರೂ ತಿರುಗಿದೆವು. ಮಾಳಿಂಗಣ್ಣ ಮುಂದಕ್ಕೆ ಬಾಗಿದ್ದ.

"ವರ್ಷಾನುಗಟ್ಟಲೆ ಮುಚ್ಚಿದ ಹಗೇವ ಅದು. ಒಳಗ ಕೆಟ್ಟ ಗಾಳಿ ಇರ್ತೈತಿ. ಇಳಿದವ ಮ್ಯಾಲ ಬರೂದಿಲ್ಲ. ಮೊದಲ ದೀಪ ಇಳಿಸ್ರಿ."

ನನ್ನ ನಲವತ್ತು ಪುಟಗಳಲ್ಲಿ ಕೆಟ್ಟ ಗಾಳಿಯ ಸುದ್ದಿಯೇ ಇರಲಿಲ್ಲ. ನನ್ನ ನಕ್ಷೆಯಲ್ಲೂ ಇರಲಿಲ್ಲ. ಆದರೆ ಅವನು ಹೇಳಿದ ಮೇಲೆ ಆ ಗಾಳಿ ಅಲ್ಲಿ ಇತ್ತು. ನಾನು ಬರೆಯುವ ಮೊದಲಿನಿಂದಲೂ ಅಲ್ಲೇ ಇದ್ದಂತೆ ಇತ್ತು.

ಲಾಲಸಾಬ ನಗು ಬಿಟ್ಟು ಹೇಳಿದ. "ಹಗ್ಗಕ್ಕ ಕಂದೀಲ ಕಟ್ಟಿ ಇಳಸ್ತೇನ್ರಿ ಮಾಸ್ತರ. ಏನಾತು?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಹೊರಗೆ ಮಳೆಯ ಸಪ್ಪಳ ಒಂದೇ. "ಎರಡು ಆಳು ಆಳಕ್ಕ ಹೋಗೂ ಹೊತ್ತಿಗೆ ದೀಪ ಸಣ್ಣಾತು," ಎಂದೆ. "ಇನ್ನೂ ಸಣ್ಣಾತು. ಆರಿತು."

ಕುಲಕರ್ಣಿಯವರು ಕೂತಲ್ಲೇ ಹಿಂದಕ್ಕೆ ಸರಿದರು. ಕಾಲು ಹಗೇವಿನ ಅಂಚಿನಿಂದ ಹಿಂದೆ ತೆಗೆದುಕೊಂಡವರ ಹಾಗೆ. ಪಡಸಾಲೆಯಲ್ಲಿ ಜಮಖಾನೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ನಾಲ್ವರೂ ಒಂದೇ ತಗ್ಗಿನ ಅಂಚಿನಲ್ಲಿ ಕೂತಿದ್ದೆವು.

"ಬೇವಿನ ಟೊಂಗಿ ಕಟ್ಟಿ ಹತ್ತು ಸಲ ಎತ್ತಿ ಇಳಿಸ್ರಿ," ಎಂದ ಮಾಳಿಂಗಣ್ಣ. "ಗಾಳಿ ಆಡ್ತೈತಿ. ಆಮ್ಯಾಲ ಮತ್ತ ದೀಪ."

ನಾನು ನಕ್ಷೆ ಕೆಳಗಿಟ್ಟು, "ಮಾಳಿಂಗಣ್ಣ, ನೀವೂ ಬರ್ರಿ ಆಟಕ್ಕ," ಎಂದೆ.

ಅವನು ನನ್ನ ದನಿಯ ಕಡೆ ಮುಖ ತಿರುಗಿಸಿದ. ಆಮೇಲೆ ಕೇಳಿದ. "ನಿಮ್ಮ ವಾಡೇದಾಗ ನನಗ ಕಣ್ಣು ಇರ್ತಾವೇನ್ರಿ?"

"ನೀವು ಇರಲಿ ಅಂದ್ರ ಇರ್ತಾವ."

"ಹಂಗಾದ್ರ ಇರಲಿ," ಎಂದು ನೆಲ ಸವರುತ್ತ ಬಂದು ಜಮಖಾನೆಯ ಅಂಚಿಗೆ ಕೂತ. ಚಂಬು ಅವನ ಕಡೆ ತಳ್ಳಿದೆ. ಚೀಟಿ ತೆಗೆದು ಬೆರಳಿನಿಂದ ತಿಕ್ಕಿ ನೋಡಿ ಮರಳಿ ಹಾಕಿದ. ಭೌರವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳೆಂದು ಆಗಲೇ ನಮಗೆ ಗೊತ್ತಾಗಿದ್ದು. ಅವಳು ಒಳಗೆ ಹೋಗಿ ಚೌಕಾಬಾರದ ಆರು ಕವಡೆ ತಂದು ಗಂಡನ ಕೈಗೆ ಹಾಕಿದಳು. ಅವತ್ತಿನಿಂದ ಚೀಟಿ ಬಿಟ್ಟು ಕವಡೆಯಲ್ಲೇ ಆಡಿದೆವು. ಅವನು ಚೆಲ್ಲಿ, ಬೆರಳ ತುದಿಯಿಂದ ಮುಟ್ಟಿ, ನಮಗಿಂತ ಮೊದಲು ಎಣಿಸುತ್ತಿದ್ದ.

ಆ ಮಳೆಗಾಲದಲ್ಲಿ ನಾನು ನೋಡುವುದನ್ನು ಕಲಿತೆ. ಮಾಳಿಂಗಣ್ಣ ವಾಡೆಯಲ್ಲಿ ಎಲ್ಲದಕ್ಕೂ ಮೊದಲು "ನೋಡ್ತೇನಿ" ಎನ್ನುತ್ತಿದ್ದ. ಗೋಡೆ ಎಂದರೆ ಸಾಲುತ್ತಿರಲಿಲ್ಲ. ಯಾವ ಕಲ್ಲು, ಕರಿದೋ ಕೆಂಪೋ, ಹಸಿ ಐತೋ ಒಣಗೈತೋ, ಬೆಳಕು ಯಾವ ಕಡೆಯಿಂದ ಬೀಳಾಕತ್ತೈತಿ. ಆಕಾಶ ಎಂದರೆ ಎಂಥ ಮೋಡ, ಹತ್ತಿಯಂಥದೋ, ಕಂಬಳಿಯಂಥದೋ. ಉತ್ತರ ಗೊತ್ತಿರದೆ ನಾನು ತಡವರಿಸಿದರೆ ಕಾಯುತ್ತಿದ್ದ. ವಾರವಿಡೀ ಶಾಲೆಗೆ ಹೋಗುವಾಗ, ಬರುವಾಗ ನಾನು ಅವನಿಗಾಗಿ ನೋಡತೊಡಗಿದೆ. ಎರೆ ಮಣ್ಣು ಒದ್ದೆಯಾದಾಗ ಎತ್ತಿನ ಗೊರಸು ಬಿಟ್ಟ ಗುರುತಿನಲ್ಲಿ ನೀರು ನಿಂತು ಅದರಲ್ಲಿ ಆಕಾಶ ಕಾಣುವುದು, ಸಜ್ಜೆಯ ತೆನೆ ಮೊದಲು ಯಾವ ಬಣ್ಣ, ಆಮೇಲೆ ಯಾವ ಬಣ್ಣ. ಅದೇ ದಾರಿಯಲ್ಲಿ ದಿನಾ ಓಡಾಡಿದ್ದೆ, ಇದೊಂದನ್ನೂ ನಾನು ಕಂಡಿರಲಿಲ್ಲ.

ಅವನ ನೆನಪೂ ಅಂಥದ್ದೇ. ಒಂದು ಸಲ ಕುಲಕರ್ಣಿಯವರು ಬಲಕ್ಕೆ ತಿರುಗುತ್ತೇನೆಂದಾಗ ಮಾಳಿಂಗಣ್ಣ ತಡೆದ. "ಬಲಕ್ಕ ಗ್ವಾಡಿ ಐತ್ರಿ. ಎರಡು ವಾರದ ಹಿಂದ ಮಾಸ್ತರ ಹೇಳಿದ್ರು, ಅಲ್ಲಿ ಮೂಲ್ಯಾಗ ಕಮಾನ ಮುರಿದು ಬಿದ್ದೈತಿ ಅಂತ." ನಾನು ನಕ್ಷೆ ನೋಡಿದೆ. ಹೌದು. ನಕ್ಷೆ ನನ್ನ ಹಾಳೆಯ ಮೇಲಿತ್ತು, ವಾಡೆ ಅವನ ತಲೆಯಲ್ಲಿತ್ತು.

ತಪ್ಪು ನಡೆದದ್ದು ನನ್ನಿಂದ. ವಾಡೆಯ ಹಿಂದಿನ ಬುರುಜಿನಲ್ಲಿ ನಾನು ಒಂದು ಮದ್ದಿನ ಕೋಣೆ ಬರೆದಿದ್ದೆ. ಅದರಾಚೆಯ ಗೋಡೆ ಒಡೆದರೆ ಗುಪ್ತ ದಾರಿ ಮುಂದುವರಿಯಬೇಕು. ಬರೆಯುವಾಗ ಮಾಳಿಂಗಣ್ಣ ಆಟದಲ್ಲಿ ಇರಲಿಲ್ಲ. ಆಮೇಲೆ ಅಳಿಸಬೇಕೆಂದು ನೆನಪಾಗಲಿಲ್ಲ. ಭಾದ್ರಪದದ ಒಂದು ರವಿವಾರ ಅವರು ಅಲ್ಲಿಗೆ ಬಂದೇಬಿಟ್ಟರು. ಲಾಲಸಾಬ ಹುರುಪಿನಿಂದ, "ಗ್ವಾಡಿ ಬುಡಕ್ಕ ಮದ್ದು ತುಂಬಿ ಬತ್ತಿ ಹಚ್ತೇನಿ," ಎಂದ. ಲಾಲಸಾಬ ಕವಡೆ ಚೆಲ್ಲಿದ. ಬರೀ ಎರಡು ಬಿತ್ತು.

"ಬತ್ತಿ ಅರ್ಧ ಉರಿದು ಹೊಗಿ ನಿಂತಿತು," ಎಂದೆ. "ಸುರಂಗ ಹಾರಲಿಲ್ಲ. ಏನ್ ಮಾಡ್ತೀರಿ?"

"ಹೋಗಿ ನೋಡ್ತೇನಿ," ಎಂದರು ಕುಲಕರ್ಣಿ.

ಮಾಳಿಂಗಣ್ಣ ಎದ್ದು ನಿಂತ. ಆ ಮನೆಯ ಇಂಚಿಂಚೂ ಬಲ್ಲವನು ಕಂಬಕ್ಕೆ ಹಣೆ ಬಡಿಸಿಕೊಂಡ. ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಏನು ಮಾಡಿದೆನೆಂದು ಆಗ ಹೊಳೆಯಿತು. ಲಾಲಸಾಬ ಕವಡೆಗಳನ್ನು ಒಂದೊಂದಾಗಿ ಹೆಕ್ಕಿ ಬಟ್ಟೆಯಲ್ಲಿ ಕಟ್ಟಿಟ್ಟ.

ಮೂರು ರವಿವಾರ ಆಟ ಇಲ್ಲ. ಮಾಳಿಂಗಣ್ಣ ಪಡಸಾಲೆಗೂ ಬರಲಿಲ್ಲ. ಕೋಣೆ ಬದಲಿಸಬೇಕೆಂದು ನಾನು ಯೋಚಿಸತೊಡಗಿದ್ದೆ. ಒಂದು ಸಂಜೆ ಭೌರವ್ವ ಮೆಟ್ಟಿಲಿನ ಬಳಿ ನನ್ನನ್ನು ನಿಲ್ಲಿಸಿದಳು.

"ಮಾಸ್ತರ, ನಿಮ್ಮ ಮ್ಯಾಲ ಸಿಟ್ಟಿಲ್ಲ ಅವರಿಗೆ," ಎಂದಳು. "ಕೇಳಿದ್ರ ಬರೀ ಒಂದ ಹೇಳ್ತಾರ. ಬತ್ತಿ ಆರಿ ನಿಂತೈತಿ, ವಾಡೇದಾಗ ಅವರೆಲ್ಲ ಅಲ್ಲೇ ನಿಂತಾರ ಅಂತಾರ. ಆಟ ಮುಗಿಸ್ರಿ ನೀವು. ಹಂಗ ಬಿಡಬ್ಯಾಡ್ರಿ."

ಮುಂದಿನ ರವಿವಾರ ನಾನು, ಕುಲಕರ್ಣಿ, ಲಾಲಸಾಬ ಜಮಖಾನೆಯ ಮೇಲೆ ಕೂತು ಕಾದೆವು. ಬಾಗಿಲು ತೆರೆಯಿತು. ಮಾಳಿಂಗಣ್ಣ ಬಂದು ತನ್ನ ಜಾಗದಲ್ಲಿ ಕೂತ. ಭೌರವ್ವ ಎರಡು ಮಾರು ಆಚೆ ಈಳಿಗೆಮಣೆ ಹಾಕಿಕೊಂಡು ನಿಂಬೆ ಹೆಚ್ಚುತ್ತಿದ್ದಳು.

"ಬತ್ತಿ ಆರಿದ್ರ ಹೋಗಿ ನೋಡಬಾರದು ಕುಲಕರ್ಣಿಯವರ," ಎಂದ ಅವನು. ದನಿ ಸಮ ಇತ್ತು. "ಒಳಗ ಕಿಡಿ ಇರ್ತೈತಿ. ಒಂದು ತಾಸು ಕಾಯಬೇಕು. ಅವತ್ತು ನಾ ಕಾಯಲಿಲ್ಲ."

ಈಳಿಗೆಯ ಸಪ್ಪಳ ನಿಂತಿತು.

"ಐದು ತೂತಿನಾಗ ನಾಕು ಹಾರಿದ್ವು. ಮಳಿ ಬರೂಹಂಗ ಇತ್ತು. ಮುಗಿಸಬೇಕು ಅಂತ ನಾನ ಇಳಿದೆ. ಸಿದ್ದು ಮ್ಯಾಲ ಹಗ್ಗ ಹಿಡಿದಿದ್ದ. ಮಾವಾ, ಮ್ಯಾಲ ಬಾ, ಮ್ಯಾಲ ಬಾ ಅಂತ ಒದರಿದ. ನಾ ಕೇಳಲಿಲ್ಲ. ಜಗ್ಗಿ ಒಯ್ಯಾಕ ಅವನು ಕೆಳಗ ಬಂದ. ನನ್ನ ಮುಂದ ನಿಂತಿದ್ದ. ಅದಕ್ಕ ನಾ ಉಳಿದೆ." ಜಮಖಾನೆಯ ಅಂಚು ಸವರುತ್ತ ಮುಂದುವರಿಸಿದ. "ದವಾಖಾನ್ಯಾಗ ಎಚ್ಚರ ಆದಾಗ, ಸಿದ್ದು ಅವಸರ ಮಾಡಿದ ಅಂತ ಮಂದಿ ಹೇಳಾಕತ್ತಿದ್ರು. ನಾ ಸುಮ್ಮನಾದೆ. ಮೂರು ವರ್ಷ ಸುಮ್ಮನಾದೆ."

ಭೌರವ್ವ ಎದ್ದಳು. ಅರ್ಧ ಹೆಚ್ಚಿದ ಹಣ್ಣುಗಳನ್ನು ಹಾಗೇ ಬಿಟ್ಟು, ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಬಂದೆವು.

ಆ ವಾರ ಆ ಮನೆಯಲ್ಲಿ ಗಂಡ ಹೆಂಡತಿಯ ಮಾತು ನನಗೆ ಕೇಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ತಾಟು ಇಡುವ ಸಪ್ಪಳ ಕೇಳುತ್ತಿತ್ತು. ಅವಳು ಒಂದು ದಿನ ಬಸವನ ಬಾಗೇವಾಡಿಯ ಕಡೆಯ ತನ್ನ ತವರಿಗೆ ಹೋಗಿ ಮರುದಿನ ಬಂದಳು. ಅಲ್ಲಿ ಅವಳ ತಾಯಿ ಇದ್ದಳು. ಏನು ಹೇಳಿ ಬಂದಳೋ ನಾನು ಕೇಳಲಿಲ್ಲ.

ರವಿವಾರ ಬಂತು. ಆಟ ಇಲ್ಲವೆಂದೇ ನಾನು ಮೇಲೆ ಕೂತಿದ್ದೆ. ಭೌರವ್ವನೇ ಕೆಳಗಿನಿಂದ ಕರೆದಳು. ಜಮಖಾನೆ ಹಾಸಿತ್ತು. ಮಾಳಿಂಗಣ್ಣ, ಲಾಲಸಾಬ, ಕುಲಕರ್ಣಿ ಆಗಲೇ ಕೂತಿದ್ದರು. ಅವಳು ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಗಂಡನ ಪಕ್ಕಕ್ಕೆ ಕೂತಳು.

"ನನಗೂ ಒಂದು ಪಾರ್ಟು ಬರೀರಿ ಮಾಸ್ತರ."

"ಏನು ಹೆಸರು ಬರೀಲಿ?"

"ಸಿದ್ದು ಅಂತ ಬರೀರಿ," ಎಂದಳು. "ಇವರು ಅವಸರ ಮಾಡಿದ್ರ ಹಿಡಿದು ನಿಲ್ಲಸಾಕ ಒಬ್ಬರು ಬೇಕಲ್ಲ."

ಮಾಳಿಂಗಣ್ಣ ತಲೆ ತಗ್ಗಿಸಿದ. ನಾನು ಬರೆದೆ. ಅಕ್ಷರ ಸೊಟ್ಟಾದವು.

"ಬತ್ತಿ ಆರೈತಿ," ಎಂದೆ. "ಮದ್ದು ಗ್ವಾಡಿ ಬುಡದಾಗ ಐತಿ. ಏನ್ ಮಾಡ್ತೀರಿ?"

ಭೌರವ್ವ ಗಂಡನ ಮುಂಗೈ ಹಿಡಿದಳು. "ಕಾಯ್ತೀವಿ," ಎಂದಳು.

ನಿಯಮದ ಪ್ರಕಾರ ನಾನು "ಒಂದು ತಾಸು ಕಳೀತು" ಎಂದು ಮುಂದೆ ಸಾಗಬಹುದಿತ್ತು. ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಸುಮ್ಮನೆ ಕೂತೆ. ಕುಲಕರ್ಣಿಯವರು ಗಡಿಯಾರ ಬಿಚ್ಚಿ ನಡುವೆ ಇಟ್ಟರು. ಐದು ಜನ ಒಂದು ತಾಸು ಕಾದೆವು. ಮಳೆ ನಿಂತಿತ್ತು. ಮಾಳಿಗೆಯ ನೀರಿನ ದೋಣಿಯಿಂದ ಹನಿ ಬೀಳುತ್ತಿದ್ದವು, ಅವೂ ನಿಂತವು. ಬೀದಿಯಲ್ಲಿ ಕುರಿಹಿಂಡು ಹಾದುಹೋಯಿತು. ಬಾಗಿಲಿನಿಂದ ಬಿದ್ದ ಬಿಸಿಲು ಜಮಖಾನೆಯ ಮೇಲೆ ಒಂದು ಗೇಣು ಸರಿಯಿತು. ಮಾಳಿಂಗಣ್ಣನ ಮುಖದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವಳು ಕೈ ಬಿಡಲಿಲ್ಲ. ಆಮೇಲೆ ನಾನು ದೊಡ್ಡ ದೊಡ್ಡ ಗುಡಿಗಳಲ್ಲಿ ನಿಂತಿದ್ದೇನೆ, ಸಮುದ್ರ ನೋಡಿದ್ದೇನೆ. ಆ ಒಂದು ತಾಸಿನಲ್ಲಿ ನನಗಾದದ್ದು ಮತ್ತೆಲ್ಲೂ ಆಗಲಿಲ್ಲ. ಅದಕ್ಕೆ ಏನು ಹೆಸರಿಡಬೇಕೋ ತಿಳಿಯದು. ಉಸಿರು ಗಟ್ಟಿಯಾಗಿ ಬಿಟ್ಟರೂ ಏನೋ ಒಡೆದೀತು ಎನ್ನಿಸಿತ್ತು.

ಗಡಿಯಾರ ನೋಡಿ ಕುಲಕರ್ಣಿ ಮೆಲ್ಲಗೆ, "ಆತ್ರಿ," ಎಂದರು.

ಮಾಳಿಂಗಣ್ಣ ಮುಖ ಒರೆಸಿಕೊಂಡ. "ಈಗ ಹೋಗ್ತೇನಿ. ಮೊದಲ ಎರಡು ಕೊಡ ನೀರು ಸುರೀತೇನಿ. ಮದ್ದು ತೊಯ್ದ ಮ್ಯಾಲ ಬತ್ತಿ ಮೆಲ್ಲಕ ಹೊರಗ ತಗೀತೇನಿ."

ಲಾಲಸಾಬ ಕವಡೆ ಮುಂದಿಟ್ಟ. ನಾನು ಅವನ ಕೈ ಸರಿಸಿ, "ಇದಕ್ಕ ಕವಡಿ ಬ್ಯಾಡ," ಎಂದೆ. ಪ್ರತಿಯೊಂದಕ್ಕೂ ನಿಯಮ ಕೇಳುತ್ತಿದ್ದ ಕುಲಕರ್ಣಿಯವರು ಕವಡೆಗಳನ್ನು ತಾವೇ ಪಕ್ಕಕ್ಕೆ ಸರಿಸಿದರು. "ಬತ್ತಿ ನಿಮ್ಮ ಕೈಗೆ ಬಂತು. ತಣ್ಣಗ ಐತಿ," ಎಂದೆ.

ವಾಡೆಯ ಆಟ ದೀಪಾವಳಿಯ ಹೊತ್ತಿಗೆ ಮುಗಿಯಿತು. ಗುಪ್ತ ದಾರಿಯ ಕೊನೆಗೆ ನಾನು ಇಟ್ಟಿದ್ದ ನಿಧಿ ಯಾರಿಗೂ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಸಿದ್ದುವಿನ ವಿಷಯ ಮಾಳಿಂಗಣ್ಣ ತಾನೇ ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಹೇಳಿದ. ಕೆಲವರು ಬರುವುದು ಬಿಟ್ಟರು. ಅವನು ಕಟ್ಟೆಗೆ ಬರುವುದು ಬಿಡಲಿಲ್ಲ.

ಮಾಘ ಮಾಸದಲ್ಲಿ ಲಾಲಸಾಬನ ಊರಿನಿಂದ ಬಾವಿ ತೋಡುವ ಮೂವರು ಬಂದರು. ಅಗರಖೇಡದಲ್ಲಿ ನಾಲ್ಕು ಆಳು ಆಳ ತೋಡಿದ ಮೇಲೆ ಬಂಡೆ ಸಿಕ್ಕಿತ್ತು, ಸುರಂಗ ಹಾರಿಸಿದರೂ ಒಡೆಯುತ್ತಿರಲಿಲ್ಲ. ನಾನು ಮೇಲಿನಿಂದ ಕೇಳುತ್ತಿದ್ದೆ.

"ಬಂಡೆಗಲ್ಲ ಯಾವ ಬಣ್ಣ?" ಎಂದು ಮಾಳಿಂಗಣ್ಣ ಕೇಳಿದ.

"ಕರಿ ಅದ್ರಿ."

"ಕರಿ ಅಂದ್ರ ಎಂಥ ಕರಿ? ಎರೆ ಹೊಲದಂಥದೋ, ಎಮ್ಮಿ ಮೈಯಂಥದೋ? ಸುತ್ತಿಗಿ ಬಡಿದ್ರ ಸಪ್ಪಳ ಮ್ಯಾಲ ಬರ್ತೈತೋ, ಒಳಗ ಹೋಗ್ತೈತೋ?" ಆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನ ಮತ್ತೆ ಬಂದು ಸರಿಯಾಗಿ ಹೇಳಿದರು. ಅದರ ಮರುದಿನ ಚಕ್ಕಡಿ ಹೂಡಿಕೊಂಡು ಬಂದು ಬಾಗಿಲಲ್ಲಿ ನಿಂತರು, ಅವನು ಬರಬೇಕೆಂದು. ಮಾಳಿಂಗಣ್ಣ ಹೆಂಡತಿ ಇದ್ದ ಕಡೆ ಮುಖ ತಿರುಗಿಸಿದ. ಭೌರವ್ವ ಹೊರಗೆ ಬಂದು ಚಕ್ಕಡಿಯನ್ನೂ ಬಂದವರನ್ನೂ ನೋಡಿದಳು. ಕೊನೆಗೆ ಮೂವರಲ್ಲಿ ಹಿರಿಯನಿಗೆ, "ಇವರು ಬಾವಿ ದಂಡಿ ಮ್ಯಾಲ ಕೂತಿರ್ತಾರ, ಕೆಳಗ ಇಳಿಯೂದಿಲ್ಲ. ಒಪ್ಪಿಗಿ ಇದ್ರ ಕರಕೊಂಡು ಹೋಗ್ರಿ," ಎಂದಳು. ಅವತ್ತು ಅವನು ಕಟ್ಟೆ ದಾಟಿ ಬೀದಿಗೆ ಇಳಿದ.

ಬೇಸಿಗೆಯಲ್ಲಿ ನನಗೆ ಸಿಂದಗಿಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಟ್ರಂಕು ಇಳಿಸಿ ಕಟ್ಟೆಯ ಮೇಲಿಟ್ಟೆ. ಲಾಲಸಾಬ ಹೊಲಿಗೆ ಬಿಟ್ಟು ಬಂದು ಟ್ರಂಕಿನ ಒಂದು ಕಡೆ ಹಿಡಿದುಕೊಂಡ. ಮಾಳಿಂಗಣ್ಣನಿಗೆ ಹೇಳಿ ಹೋಗಬೇಕೆಂದು ನಾನು ಪಡಸಾಲೆಯಲ್ಲಿ ಇಣುಕಿದೆ. ಕಂಬದ ಬಳಿ ಯಾರೂ ಇರಲಿಲ್ಲ.

ಭೌರವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ಅವರು ಇಲ್ರಿ ಮಾಸ್ತರ. ಲಚ್ಯಾಣಕ್ಕ ಬಾವಿ ಕೆಲಸಕ್ಕ ಹೋಗ್ಯಾರ."